ಕಾರಿನಲ್ಲಿ ಹುಡುಕಿದ ರೋಗ

ಕೊನೆಗೆ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟದ್ದು ಕಾರಲ್ಲ. ನನ್ನ ಪಾದ, ಆಮೇಲೆ ಬೆರಳ ತುದಿ. ಅದು ತಿಳಿಯುವ ಹೊತ್ತಿಗೆ ಕಾರನ್ನೂ ನಾನೇ ಕೆಡಿಸಿಯಾಗಿತ್ತು. ಸಾಲಾಗಿ ಹೇಳುತ್ತ ಹೋದರೆ ನೆನಪು ತಾನಾಗಿಯೇ ಕತೆ ಕಟ್ಟಿಕೊಳ್ಳುತ್ತದೆ, ದಾರಿಯುದ್ದಕ್ಕೂ ಸೂಚನೆಗಳಿದ್ದವು, ನಾನು ಮಾತ್ರ ಕಾಣಲಿಲ್ಲ ಎಂಬಂತೆ. ಸೂಚನೆಗಳೇನೂ ಇರಲಿಲ್ಲ. ಇದ್ದದ್ದು ಒಂದು ಸಣ್ಣ ಕಾರು ಮತ್ತು ನಾಲ್ಕು ತಾಲ್ಲೂಕು.

ಬಿತ್ತನೆ ಬೀಜದ ಕಂಪನಿಯೊಂದರ ಪರವಾಗಿ ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿಯ ಅಂಗಡಿಗಳನ್ನು ಸುತ್ತುವುದು ನನ್ನ ಕೆಲಸ. ಮನೆ ಮಧುಗಿರಿಯಲ್ಲಿ. ದಿನದ ಅರ್ಧ ಭಾಗ ಸ್ಟೇರಿಂಗ್ ಹಿಂದೆಯೇ ಕಳೆಯುತ್ತಿದ್ದುದರಿಂದ, ಕೊಳ್ಳುವ ಕಾರು ಓಡಾಟಕ್ಕಷ್ಟೇ ಅಲ್ಲ, ಖುಷಿಗೂ ಆಗಬೇಕೆಂದು ಹಟ ಹಿಡಿದಿದ್ದೆ. ಅಂಗಡಿಯವರು, ನೆಂಟರು, ಎದುರುಮನೆಯ ಮೇಷ್ಟ್ರು ಎಲ್ಲರೂ ಒಂದೇ ಮಾತು ಹೇಳಿದರು: ನಮ್ಮ ರಸ್ತೆಗೆ ಎತ್ತರದ ಗಾಡಿಯೇ ಸರಿ. ಎತ್ತರದವನ್ನೂ ಓಡಿಸಿ ನೋಡಿದೆ. ಅವುಗಳ ಸ್ಟೇರಿಂಗ್ ಕೊಡ ಕಟ್ಟದ ರಾಟೆಯಂತೆ ತಿರುಗುತ್ತಿತ್ತು. ತಿರುವು ಬಂದರೆ ಗಾಡಿಯ ಮೈಯೆಲ್ಲ ಹೊರಕ್ಕೆ ವಾಲಿ, ನಾನು ಬಾಗಿಲಿಗೆ ಒರಗಿ, ನೇರವಾದ ಮೇಲೂ ಒಂದು ಸಲ ತೂಗಾಡುತ್ತಿತ್ತು. ಕೊನೆಗೆ ಆರಿಸಿದ್ದು ತಗ್ಗಾದ, ಸ್ವಲ್ಪ ಬಿಗಿಯಾದ, ಯಾರೂ ತಿರುಗಿ ನೋಡದ ಸಣ್ಣ ಕಾರನ್ನು. ತಿರುವಿನಲ್ಲಿ ಅದರ ಸ್ಟೇರಿಂಗ್‌ಗೆ ಒಂದು ಭಾರ ಬರುತ್ತಿತ್ತು. ಮುಂದಿನ ಟೈರು ಎಷ್ಟು ಹಿಡಿದಿದೆ, ಎಲ್ಲಿ ಜಾರಬಹುದು ಎಂಬುದು ಅಂಗೈಗೆ ತಿಳಿಯುತ್ತಿತ್ತು. ಜಲ್ಲಿಯೋ ಮರಳೋ ಎಂಬುದನ್ನು ಕಣ್ಣಿಗಿಂತ ಮುಂಚೆ ಬೆರಳು ಹೇಳುತ್ತಿತ್ತು.

ಆ ದಿನವೇ ಇಷ್ಟನ್ನೂ ಅನುಭವಿಸಿದೆನೇ? ಗೊತ್ತಿಲ್ಲ. ಟೀ ಅಂಗಡಿಗಳಲ್ಲಿ ಈ ವರ್ಣನೆಯನ್ನು ಎಷ್ಟು ಸಲ ಒಪ್ಪಿಸಿದ್ದೇನೆಂದರೆ, ಅದರಡಿಯಲ್ಲಿ ಆ ದಿನ ಸವೆದುಹೋಗಿದೆ.

ಕಾರ್ಖಾನೆಯಿಂದ ಬಂದ ಹಾಗೇ ಇಟ್ಟುಕೊಳ್ಳುವುದು ನನ್ನ ವ್ರತವಾಗಿತ್ತು. ಕಾರಿನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ ಗಾಳಿ, ಅದೂ ಬೆಳಗ್ಗೆ ಟೈರು ತಣ್ಣಗಿರುವಾಗ. ಅಗಲದ ಚಕ್ರ ಹಾಕಿಸಿಕೊಂಡವರಿಗೆ ಉಪದೇಶ ಮಾಡುತ್ತಿದ್ದೆ: ಸ್ಪ್ರಿಂಗು ಎಷ್ಟು ಗಟ್ಟಿ, ಶಾಕ್ ಅಬ್ಸಾರ್ಬರ್ ಎಷ್ಟು ಮೆತ್ತಗೆ, ಯಾವ ಟೈರು ಎಂದು ಯಾರೋ ತಿಂಗಳುಗಟ್ಟಲೆ ಓಡಿಸಿ ಒಂದಕ್ಕೊಂದು ಹೊಂದಿಸಿರುತ್ತಾರೆ, ಒಂದನ್ನು ಕಿತ್ತರೆ ಉಳಿದದ್ದೆಲ್ಲ ಅನಾಥ. ಮಂಡಿ ನೋವಿನಿಂದ ಆ ತಗ್ಗು ಸೀಟಿಗೆ ಇಳಿಯುವಾಗಲೆಲ್ಲ ಉಸ್ ಎನ್ನುತ್ತಿದ್ದ ನನ್ನ ಹೆಂಡತಿ ಒಮ್ಮೆ ಇದನ್ನು ಪೂರ್ತಿ ಕೇಳಿಸಿಕೊಂಡಳು.

"ಅಷ್ಟೆಲ್ಲಾ ಯೋಚ್ನೆ ಮಾಡಿದೋರು, ಹತ್ತೋರು ಇಳಿಯೋರ ಬಗ್ಗೆ ಯಾಕ್ರೀ ಯೋಚ್ನೆ ಮಾಡ್ಲಿಲ್ಲ?"

ನನಗೆ ಪಾವಗಡದ ದಾರಿಯ ತಿರುವುಗಳಿದ್ದವು, ಅಷ್ಟು ಸಾಕಾಗಿತ್ತು. ಬಂಡೆಗಳ ನಡುವೆ ರಸ್ತೆ ಬಳುಕುವಲ್ಲಿ ವೇಗ ಹೆಚ್ಚಿಸದೆಯೂ ಸುಖವಿತ್ತು. ಬೀಜ ಮಾರಾಟವಾಗದ ದಿನವೂ ಮನೆಗೆ ಬರುವಾಗ ಕಿರಿಕಿರಿ ಇರುತ್ತಿರಲಿಲ್ಲ.

ಆಮೇಲೆ ಕಾರು ಮೂಕವಾಯಿತು. ಕೊಡಿಗೇನಹಳ್ಳಿಯಿಂದ ಬರುವಾಗ, ಮಳೆ ನಿಂತ ಸಂಜೆ, ಮೊದಲ ಸಲ ಹಾಗನ್ನಿಸಿತೆಂದು ನನ್ನ ನೆನಪು. ಅದು ಕಡು ಬೇಸಿಗೆ, ಆ ವರ್ಷ ಮಳೆಯೇ ಇರಲಿಲ್ಲ ಎಂದು ಹೆಂಡತಿಯ ನೆನಪು. ಸ್ಟೇರಿಂಗ್ ತಿರುಗುತ್ತಿತ್ತು, ಕಾರೂ ತಿರುಗುತ್ತಿತ್ತು, ಅಂಗೈಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತದೆಂಬುದು ಕಾಲಿಗೆ ತಿಳಿಯದೆ, ಗಿರಾಕಿಗಳ ಎದುರಿಗೇ ಎಂಜಿನ್ ನಿಂತುಹೋಗುತ್ತಿತ್ತು.

ಟೈರಿನ ದೋಷವೆಂದು ಟೈರು ಬದಲಾಯಿಸಿದೆ. ಶಿರಾದಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡುವವನ ಬಳಿ ಹೋದೆ. ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರಾಗಿದ್ದವು.

"ಬರಾಬರ್ ಐತೆ ಸಾಬ್. ಕಂಪ್ನಿ ಕೊಟ್ಟಂಗೇ ಐತೆ."

ಹಾಗಾದರೆ ಕಂಪನಿ ಕೊಟ್ಟ ಹಾಗೆ ಬೇಡ, ಬೇರೆ ಮಾಡು ಎಂದೆ. ಅವನಿಗೇನು, ಸಂತೋಷದಿಂದ ಮಾಡಿದ, ಇದೇ ಸರಿ, ಮೊದಲಿನದು ತಪ್ಪಿತ್ತು ಎಂದೂ ಸೇರಿಸಿದ. ಎರಡು ದಿನ ಜೀವ ಬಂದಂತಿತ್ತು. ಮತ್ತೆ ಹೋದೆ. ಶಾಕ್ ಅಬ್ಸಾರ್ಬರ್, ಸ್ಪ್ರಿಂಗು, ಸ್ಟೇರಿಂಗಿನ ಕೀಲುಗಳು ಒಂದೊಂದಾಗಿ ಬದಲಾದವು. ಪ್ರತಿ ಸಲವೂ ಎರಡು ದಿನ. ಸುಧಾರಿಸಿದ್ದು ಕಾರೋ ನನ್ನ ಆಸೆಯೋ, ಈಗ ಹೇಳಲಾರೆ. ನಾನು ಅಷ್ಟೊಂದು ಕೊಂಡಾಡಿದ್ದ ಹೊಂದಾಣಿಕೆಯಲ್ಲಿ ಕೊನೆಗೆ ಉಳಿದದ್ದು ಬಾಗಿಲ ಕಂಬದ ಚೀಟಿ. ಅದರಲ್ಲಿ ಬರೆದಿದ್ದ ಗಾಳಿಯೂ ಹೊಸ ಟೈರಿಗೆ ಹೊಂದುತ್ತಿರಲಿಲ್ಲ.

ಸೂಚನೆಗಳಿರಲಿಲ್ಲ ಎಂದೆ. ಒಂದಿತ್ತು. ನಿಡುಗಲ್ಲಿನಲ್ಲಿ ಹೆಂಡತಿಯೊಡನೆ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದಾಗ ಅವಳು ನನ್ನ ಕಾಲು ನೋಡಿ ನಗತೊಡಗಿದಳು. ಎಡಗಾಲಿನ ಚಪ್ಪಲಿ ಕೆಳಗೆಲ್ಲೋ ಕಳಚಿಬಿದ್ದಿತ್ತು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆ. ನಾನೂ ನಕ್ಕೆ. ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯೂ ಇತ್ತು, ನೆನಪಾದಾಗ ನುಂಗುತ್ತಿದ್ದೆ. ಕಾರಿನ ಗಾಳಿಯಷ್ಟು ನಿಷ್ಠೆಯಿಂದಲ್ಲ.

ಹೊಳವನಹಳ್ಳಿ ಹತ್ತಿರ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ದೂರದಿಂದಲೇ ಕಂಡೆ. ಬ್ರೇಕ್ ಒತ್ತಿದೆ. ಕಾರು ಮುನ್ನುಗ್ಗಿತು. ಇನ್ನೂ ಒತ್ತಿದೆ, ಇನ್ನೂ ನುಗ್ಗಿತು. ಕೈಬ್ರೇಕ್ ಎಳೆದದ್ದು ಯಾವ ಬುದ್ಧಿಯೋ ತಿಳಿಯದು. ಕಾರು ಅಡ್ಡ ತಿರುಗಿ, ಎಂಜಿನ್ ನಿಂತು, ಕುರಿಗಳು ಚೆಲ್ಲಾಪಿಲ್ಲಿಯಾದವು. ಯಾವುದಕ್ಕೂ ತಾಕಲಿಲ್ಲ. ಮಂದೆಯ ಹಿಂದಿದ್ದ ಹೆಂಗಸು ಕಿಟಕಿಯ ಬಳಿ ಬಂದಳು. ಬೈಯಲಿಲ್ಲ, ನಿಧಾನವಾಗಿ ನನ್ನ ಮುಖ ನೋಡಿದಳು.

"ಕಣ್ ಕಾಣ್ತೈತೇನಪ್ಪಾ?"

ಕಾಣುತ್ತದೆ ಎಂದೆ.

"ಮತ್ತೆ ಕಾಲೆಲ್ಲಿ ಮಡಗಿದ್ದೆ?"

ಅವಳ ಕೈಯಲ್ಲಿ ಕೋಲಿತ್ತೋ, ಬೆನ್ನಿಗೆ ಕಂಬಳಿಯಿತ್ತೋ, ಅದನ್ನೆಲ್ಲ ನಾನು ಆಮೇಲೆ ತೊಡಿಸಿರಬಹುದು. ಪ್ರಶ್ನೆ ಮಾತ್ರ ಅವಳದೇ. ಅದಕ್ಕೆ ಉತ್ತರ ಹೇಳಲು ನಾನು ಬಗ್ಗಿ ನೋಡಬೇಕಾಯಿತು. ಕಾಲು ಆಕ್ಸಿಲರೇಟರ್ ಮೇಲಿತ್ತು. ಇನ್ನೂ ಒತ್ತುತ್ತಲೇ ಇತ್ತು.

ಮಧುಗಿರಿಯ ಡಾಕ್ಟರಮ್ಮ ಒಂದು ಉಕ್ಕಿನ ಕವೆಯನ್ನು ಮೇಜಿಗೆ ಬಡಿದು, ಅದು ಅದುರುವಾಗ ನನ್ನ ಕಾಲಿನ ಹೆಬ್ಬೆರಳಿಗೆ ಒತ್ತಿಹಿಡಿದರು. ಅದುರುವುದು ನಿಂತ ಕೂಡಲೇ ಹೇಳಿ ಎಂದರು. ನಿಂತಿತು ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಇನ್ನೂ ಅದುರ್ತಾನೇ ಐತಲ್ರೀ" ಎಂದಳು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಶುರುವಾದ ಮರಗಟ್ಟುವಿಕೆ ಕೈಬೆರಳಿಗೂ ಏರಿದೆ ಎಂದು ಡಾಕ್ಟರಮ್ಮ ವಿವರಿಸಿದರು. ಹೋದದ್ದು ವಾಪಸು ಬರುವುದೇ ಎಂದು ಕೇಳಿದೆ. ಇರುವುದನ್ನು ಉಳಿಸಿಕೊಳ್ಳೋಣ ಎಂದರು. ಕಾರು ಓಡಿಸಕೂಡದು ಎಂಬುದನ್ನು ನನಗಲ್ಲ, ಹೆಂಡತಿಗೆ ಹೇಳಿದರು.

ಓಡಿಸುವುದು ಹೋದರೂ ಓಡಿಸಿದ್ದು ಉಳಿದೀತು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ನಿಂತ ಕಾರಿನಲ್ಲಿ ಕೂತು, ಕಣ್ಣು ಮುಚ್ಚಿ, ಸ್ಟೇರಿಂಗ್ ಹಿಡಿದು ಪಾವಗಡದ ದಾರಿಯ ಒಂದು ತಿರುವನ್ನು ನೆನೆಯಲು ನೋಡಿದೆ. ಬಂಡೆ ಕಂಡಿತು, ಹುಣಸೆಮರ ಕಂಡಿತು. ಅಂಗೈಗೆ ಏನೂ ಬರಲಿಲ್ಲ. ಬಂದದ್ದು ಮಾತು. ಒಂದು ಭಾರ, ಬೆರಳು ಹೇಳುತ್ತಿತ್ತು, ಟೀ ಅಂಗಡಿಯ ಅದೇ ಮಾತು. ಯಾರಾದರೂ ಕೈ ಸರಿಯಿರುವವರು ಓಡಿಸಿ, ನೀನು ಹೇಳಿದ್ದು ನಿಜ ಎಂದರೆ ಸಾಕಿತ್ತು. ಆದರೆ ಅವರು ಓಡಿಸುವುದು ಆ ಕಾರನ್ನಲ್ಲ. ಅದನ್ನು ಒಂದೊಂದೇ ತುಂಡಾಗಿ ಶಿರಾದ ಗುಜರಿಗೆ ಹಾಕಿ ಬಂದವನು ನಾನೇ.

ಕೆಲಸ ಬಿಡುವ ಹಾಗಿರಲಿಲ್ಲ. ಹೆಂಡತಿ ಡ್ರೈವಿಂಗ್ ಶಾಲೆಗೆ ಸೇರಿ ಕಲಿತಳು. ಈಗ ಸೀಟಿನ ಮೇಲೆ ದಿಂಬು ಹಾಕಿಕೊಂಡು, ಸ್ಟೇರಿಂಗನ್ನು ಮುಷ್ಟಿಯಲ್ಲಿ ಹಿಡಿದು, ಎರಡನೇ ಗೇರಿನಲ್ಲೇ ತಿರುವುಗಳನ್ನು ದಾಟಿಸುತ್ತಾಳೆ. ನಾನು ಎಡಗಡೆ. ಗಾಡಿ ಹೆಂಗೈತೆ ಎಂದು ಅವಳನ್ನು ಕೇಳಿದ್ದೆ. ಗಾಡಿ ಗಾಡಿ ಇದ್ದಂಗೈತೆ ಎಂದಳು.

ಮೊನ್ನೆ ಕೊರಟಗೆರೆಗೆ ಹೋಗುವಾಗ ಎದುರಿಗೆ ಲಾರಿ ಬಂತು. ಅವಳು ಸರಿಯಾಗಿಯೇ ಪಕ್ಕಕ್ಕೆ ಸರಿದಳು, ಸರಿಯಾಗಿಯೇ ನಿಧಾನ ಮಾಡಿದಳು. ಲಾರಿ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಕಾಲು ಹಂಗೆ ಒತ್ಬ್ಯಾಡ್ರೀ. ನಂಗೆ ಗಾಬ್ರಿ ಆಗ್ತೈತೆ."

ನಾನು ಸುಮ್ಮನೆ ಕೂತಿದ್ದೇನೆಂದೇ ತಿಳಿದಿದ್ದೆ. ಬಗ್ಗಿ ನೋಡಿದೆ. ಪೆಡಲ್ಲಿಲ್ಲದ ಕಡೆ, ಬರಿಯ ಮ್ಯಾಟಿನ ಮೇಲೆ ಬಲಗಾಲು ಬಲವಾಗಿ ಊರಿಕೊಂಡಿತ್ತು, ಷೂ ಒಂದು ಬದಿಗೆ ತಿರುಚಿಹೋಗಿತ್ತು. ಒತ್ತಬೇಡ ಎಂದು ಅದಕ್ಕೆ ಹೇಳಿದೆ. ಕೇಳಿತೋ ಇಲ್ಲವೋ ತಿಳಿಯಲು ಅದನ್ನೇ ನೋಡುತ್ತ ಕೂತೆ, ಕೊರಟಗೆರೆ ಬರುವವರೆಗೂ.