ಅಧ್ಯಕ್ಷೆ ಇಲ್ಲದ ಸಂಘ, ಸಂಘವಿಲ್ಲದ ಅಧ್ಯಕ್ಷೆ

ನನ್ನ ಅಂಕಣ ಓದಿ ಸುಮ್ಮನೆ ಎದ್ದು ಹೋಗುವವರೇ, ಒಂದು ಸಾಲು ಬರೆದರೆ ನಿಮ್ಮ ಬೆರಳು ಸವೆಯುತ್ತದೆಯೇ?

ಘಾಟಬೋರಾಳದ ನಮ್ಮ ಮಹಿಳಾ ಸಂಘಕ್ಕೆ ಹಿಟ್ಟಿನ ಗಿರಣಿ ಸಿಗಬೇಕಾದರೆ ಇವತ್ತೇ ಕಂಪ್ಯೂಟರಿನಲ್ಲಿ ಹೆಸರು ಏರಬೇಕಿತ್ತು. ಬಸವಕಲ್ಯಾಣದ ಕಚೇರಿಗೆ ಹೋದೆ. ಅಲ್ಲಿಯ ಪ್ರೋಗ್ರಾಂ ಬರೆದವಳು ನನ್ನ ಮೊಮ್ಮಗಳು ಸುಜಾತಾಳೇ. ಸಂಘವನ್ನು ಬರೆಯಲು ಹೋದರೆ ಅದು ಮೊದಲು ಅಧ್ಯಕ್ಷೆ ಯಾರೆಂದು ಕೇಳಿತು. ಅಧ್ಯಕ್ಷೆಯನ್ನು ಬರೆಯಲು ಹೋದರೆ ಮೊದಲು ಸಂಘದ ನಂಬರು ಕೇಳಿತು.

“ಒಂದ್ರ ದಾರಿ ಇನ್ನೊಂದು ಕಾಯಾಕತ್ತಾದ, ಆಯಿ. ಹ್ಯಾಂಗ ಮಾಡ್ಲಿ?” ಎಂದಳು ಸುಜಾತಾ.

“ಇಷ್ಟು ಕಲ್ತು ಇದು ತಿಳೀಲಿಲ್ಲೇನ? ಕೂಸಿಗೆ ಹೆಸರಿಡೂದು ಹನ್ನೆರಡನೇ ದಿನಕ್ಕ. ಅಲ್ಲೀತನಕ ಹಾಲು ಕುಡಸೂದಿಲ್ಲೇನ? ಮೊದಲು ಸಂಘ ಹುಟ್ಲಿ. ಅಧ್ಯಕ್ಷೆ ಜಾಗಾ ಖಾಲಿ ಬಿಡು, ಆಮ್ಯಾಲ ತುಂಬು.”

ಆ ಜಾಗ ಖಾಲಿಯಿದ್ದರೂ ನಡೆಯುವಂತೆ ಸುಜಾತಾ ಪ್ರೋಗ್ರಾಂ ತಿದ್ದಿದಳು. ಸಂಘಕ್ಕೆ ನಂಬರು ಬಂತು, ಗಿರಣಿಯೂ ಗಟ್ಟಿಯಾಯಿತು. ನನ್ನ ಹೆಸರು ತುಂಬುವಷ್ಟರಲ್ಲಿ ಕರೆಂಟು ಹೋಯಿತು.

ಜಾಗ ಖಾಲಿ ಇದೆಯೆಂಬ ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು. ಬಸ್ ಇಳಿದಾಗ ನಾಲ್ವರು ಅಧ್ಯಕ್ಷೆಯರು ನಿಂತಿದ್ದರು. ಯಾರ ಹೆಸರು ತುಂಬಬೇಕೆಂದು ಮುಂದಿನ ತಿಂಗಳೊಳಗೆ ಎಲ್ಲರೂ ಬರೆಯಿರಿ. ನನ್ನ ಹೆಸರಿನ ಕಾಗುಣಿತ ತಪ್ಪಬಾರದು.