ಶಂಕ್ರಪ್ಪ ಕಾರಿಗೆ ಹಾಕಿದ ಗುರುತು

ನಮ್ಮಣ್ಣ ಶಂಕ್ರಪ್ಪನಿಗೆ ಬುದ್ಧಿ ಬಂದಾಗಿನಿಂದ ಎಲ್ಲರ ಮೇಲೂ ಅನುಮಾನ. ಅಂಗಡಿಯವನು ತಕ್ಕಡಿ ಎತ್ತಿದರೆ ಇವನ ಕಣ್ಣು ಕಾಳಿನ ಮೇಲಿರುತ್ತಿರಲಿಲ್ಲ, ಅಂಗಡಿಯವನ ಕಿರುಬೆರಳಿನ ಮೇಲಿರುತ್ತಿತ್ತು. ಒಡಹುಟ್ಟಿದ ತಂಗಿ ಎಂದು ನನ್ನನ್ನಾದರೂ ಬಿಟ್ಟನೇ? ತವರಿನಿಂದ ಗಂಡನ ಮನೆಗೆ ಹೊರಟು ನಿಂತರೆ ನನ್ನ ಚೀಲ ಎತ್ತಿ ಭಾರ ನೋಡಿ, "ಏನ ತುಂಬಿಯಬೇ ಸುಶೀಲಾ ಇದರಾಗ?" ಎಂದು ಕೇಳುತ್ತಿದ್ದ ಪುಣ್ಯಾತ್ಮ. ಅದರಲ್ಲಿ ಇರುತ್ತಿದ್ದದ್ದು ಅವನ ಹೆಂಡತಿ ಶಿವಗಂಗವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ.

ಇಂಥ ಮನುಷ್ಯ ನಮ್ಮ ಯರಗುಪ್ಪಿಗೆ ಹಳೇ ಕಾರು ತಂದ. ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಬಹಳ ವರ್ಷ ಓಡಿದ ಬಿಳಿ ಅಂಬಾಸಿಡರ್. ಅದನ್ನು ಕೊಂಡದ್ದೂ ದನದ ಸಂತೆಯಲ್ಲಿ ಎತ್ತು ಕೊಂಡ ಹಾಗೆಯೇ. ಸುತ್ತ ತಿರುಗಿ ನೋಡಿ, ಪಕ್ಕೆ ತಟ್ಟಿ, ಕಡೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡೋಣ ಎಂದು ಕೈ ಚಾಚಿದನಂತೆ. ವ್ಯಾಪಾರಿ ನಕ್ಕರಂತೆ. "ನಕ್ಕಾನಂದ್ರ ಏನೋ ಮುಚ್ಚಿಟ್ಟಾನ" ಎಂದು ಅಣ್ಣ ಆ ಕಾರಿನೊಳಗೆ ವರ್ಷಗಟ್ಟಲೆ ಐಬು ಹುಡುಕಿದ. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅನುಮಾನ ಇನ್ನೂ ಬಲಿಯಿತು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಅಣ್ಣ ಸೋಮವಾರ ಕಾರನ್ನೂ ಓಡಿಸುತ್ತಿರಲಿಲ್ಲ. ಊರಿನವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಎತ್ತುಗಳ ಮೈ ತೊಳೆದಾದ ಮೇಲೆ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಗಾಲಿಗಳ ಸಂದಿಗೆ ಮೆತ್ತಿದ ಕಪ್ಪು ಎರಿ ಮಣ್ಣನ್ನು ಕೆರೆದು ತೆಗೆಯುತ್ತಿದ್ದ. ಆಮೇಲೆ ಬಾನೆಟ್ ಎತ್ತಿ ಒಳಗಿನ ಗುರುತುಗಳನ್ನು ನೋಡುತ್ತಿದ್ದ. ಗುರುತು ಎಂದರೆ, ಎತ್ತಿನ ಕೋಡಿಗೆ ಬಳಿಯುವ ಕೆಂಪು ಎಣ್ಣೆಬಣ್ಣ. ಬ್ಯಾಟರಿಗೆ ಒಂದು ಬೊಟ್ಟು, ಡೈನಮೋಕ್ಕೆ ಒಂದು ಬೊಟ್ಟು, ಡಿಕ್ಕಿಯಲ್ಲಿನ ಸ್ಟೆಪ್ನಿ ಗಾಲಿಗೂ ಒಂದು ಬೊಟ್ಟು. ಯಾರಾದರೂ ಒಳ್ಳೆಯ ಸಾಮಾನು ಬಿಚ್ಚಿಕೊಂಡು ಹಳೆಯದನ್ನು ಕೂರಿಸಿದರೆ ಗೊತ್ತಾಗಲಿ ಎಂದು.

ಇಷ್ಟೆಲ್ಲ ಕಾವಲು ಕಾದರೂ ಆ ಕಾರು ಅಷ್ಟು ವರ್ಷ ಬಾಳಿದ್ದು ಅಣ್ಣನ ಬೊಟ್ಟಿನಿಂದಲ್ಲ, ಅಬ್ದುಲ್‌ಸಾಬನಿಂದ. ಕುಂದಗೋಳದಲ್ಲಿ ನನ್ನ ಗಂಡನ ಮನೆ, ಎದುರಿಗೇ ಅವನ ಗ್ಯಾರೇಜು. ಅಣ್ಣ ಭೂಮಿಯ ಮೇಲೆ ನಂಬಿದ ಒಬ್ಬನೇ ಮನುಷ್ಯ ಅವನು. ಕಾರನ್ನು ಅಲ್ಲಿ ಬಿಟ್ಟು ನಮ್ಮ ಮನೆಗೆ ಬಂದು, ರೊಟ್ಟಿ ತಿಂದು, ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಗೊರಕೆ ಬರುವಷ್ಟು ನಿಶ್ಚಿಂತೆ ಇನ್ನೆಲ್ಲಿಯೂ ಇರಲಿಲ್ಲ ಎಂದು ಶಿವಗಂಗವ್ವನೇ ಹೇಳುತ್ತಿದ್ದಳು. ಸಾಬ ಕೆಲಸ ಮುಗಿಸಿ ಬಾಗಿಲಿಗೆ ಬಂದು, "ಏಳ್ರಿ ಅಣ್ಣಾರ, ನಿಮ್ಮ ಎತ್ತು ಹುಷಾರಾತು" ಎನ್ನುತ್ತಿದ್ದ.

ಎಂಬತ್ತಾರನೆಯ ಇಸವಿ, ಯುಗಾದಿ ಮುಗಿದಿತ್ತು. ಡೈನಮೋ ಸದ್ದು ಮಾಡುತ್ತದೆಂದು ಅಣ್ಣ ಕಾರು ತಂದ, ಸಾಬ ಅದನ್ನು ಬಿಚ್ಚಿ ಸರಿ ಮಾಡಿ ಕೊಟ್ಟ. ಮುಂದಿನ ಸೋಮವಾರ ಅಣ್ಣ ಬಾನೆಟ್ ಎತ್ತಿದರೆ ಡೈನಮೋದ ಮೇಲೆ ಕೆಂಪು ಬೊಟ್ಟಿಲ್ಲ!

ಮರುದಿನ ಬೆಳಗ್ಗೆ ಗ್ಯಾರೇಜಿನ ಮುಂದೆ ಬಂದು ನಿಂತ. ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಟ್ರ್ಯಾಕ್ಟರಿನವರು, ಟೆಂಪೋದವರು ಎಲ್ಲ ಇದ್ದರು.

"ನನ್ನ ಡೈನಮೋ ಎಲ್ಲೈತಿ?" ಎಂದ.

"ಗಾಡ್ಯಾಗ ಐತ್ರಿ ಅಣ್ಣಾರ," ಸಾಬ ನಕ್ಕ.

"ಅದು ನಂದಲ್ಲ. ನಂದಕ್ಕ ಗುರುತಿತ್ತು."

"ಗುರುತೇನ ಹಾಕಿದ್ರೋ ನಾ ನೋಡಿಲ್ರಿ. ತೊಳದೇನಿ, ಹೋಗಿರಬೇಕು."

"ತೊಳದ್ರ ಹೋಗು ಬಣ್ಣ ಅಲ್ಲಲೇ ಅದು! ಹಳ್ಳದಾಗ ವರ್ಷಾನಗಟ್ಲೆ ಎತ್ತು ತೊಳದೇನಿ, ಕೋಡಿನ ಬಣ್ಣ ಹೋಗಿಲ್ಲ. ಯಾರಿಗೆ ಮಾರಿದಿ ಹೇಳು!"

ಸಾಬನ ನಗು ಅಲ್ಲೇ ನಿಂತಿತು. ಅಣ್ಣ ಕೂಗಿದ ಹಾಗೆ ಅವನು ಕೂಗಲಿಲ್ಲ. "ನನ್ನ ಬಾಯಾಗ ಇನ್ನ ಮಾತಿಲ್ರಿ. ಗಾಡಿ ತಗೊಂಡ ಹೋಗ್ರಿ" ಎಂದ. ನಾನು ಓಡಿ ಹೋಗಿ ಅಣ್ಣನ ತೋಳು ಹಿಡಿದು ಜಗ್ಗಿದೆ. "ಎದುರು ಮನಿಯಾಕಿ ನೀ, ಅವನ ಕಡೀನ ಮಾತಾಡ್ತಿ" ಎಂದ ನನಗೆ! ಥೂ, ನನಗೆ ಆವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗ್ಯಾರೇಜಿನವನಿಗೆ ಇರುವ ಆಸ್ತಿ ಅವನ ಹೆಸರೊಂದೇ. ಅದು ಆವತ್ತು ಬೀದಿಗೆ ಬಿತ್ತು. ಟ್ರ್ಯಾಕ್ಟರಿನವರು ತಮ್ಮ ತಮ್ಮ ಸಾಮಾನು ತಿರುವಿ ನೋಡತೊಡಗಿದರು. "ಶಂಕ್ರಪ್ಪನಂಥವನ ಗಾಡೀನ ಬಿಟ್ಟಿಲ್ಲ, ನಮ್ಮದ ಬಿಡ್ತಾನೇನು?" ಎಂದು ಚಹಾದಂಗಡಿಯಲ್ಲಿ ಮಾತಾಯಿತು. ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಸಾಬ ಸೈಕಲ್ ಪಂಕ್ಚರ್ ಹಾಕುತ್ತ ಕುಳಿತ. ಅವನ ಹೆಂಡತಿ ರಹೀಮಾಬಿ ನಮ್ಮ ಮನೆಗೆ ಮೊಸರಿಗೆ ಬರುತ್ತಿದ್ದವಳು ಬರಲಿಲ್ಲ. ನಾನೇ ಹೋದರೆ ಬಾಗಿಲಲ್ಲಿ ನಿಂತು, "ನಿಮ್ಮಣ್ಣಾರು ನಮ್ಮನ್ನ ಕಳ್ಳರ್ನ ಮಾಡಿದ್ರಲ್ಲವ್ವಾ" ಎಂದಳು. ಒಯ್ದಿದ್ದ ಮೊಸರಿನೊಂದಿಗೆ ತಿರುಗಿ ಬಂದೆ.

ಕಾರಹುಣ್ಣಿಮೆಗೆ ಯರಗುಪ್ಪಿಗೆ ಹೋದೆ. ಅಣ್ಣನ ಮೇಲಿನ ಮುನಿಸಿಗೆ ಹೋಗುತ್ತಿರಲಿಲ್ಲ, ಶಿವಗಂಗವ್ವ ಹೇಳಿ ಕಳಿಸಿದ್ದಳು. ಅಣ್ಣ ಎತ್ತುಗಳ ಕೋಡಿಗೆ ಕೆಂಪು ಬಣ್ಣ ಬಳಿದ. ಮೊಣಕೈವರೆಗೂ ಬಣ್ಣ. ನೀರಿಗೆ ಹೋಗುವುದಿಲ್ಲವೆಂದು ಶಿವಗಂಗವ್ವ ಪ್ರತಿ ವರ್ಷದ ಹಾಗೆ ಬಟ್ಟಲಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಜೊತೆಗೆ ಒಂದು ಚಿಂದಿ ಬಟ್ಟೆ ತಂದಿಟ್ಟಳು. ಅಣ್ಣ ಒರೆಸಿಕೊಂಡ. ಕೈ ಸ್ವಚ್ಛವಾಯಿತು.

ನನಗೆ ತಡೆಯಲಾಗಲಿಲ್ಲ. "ಅಬ್ದುಲ್‌ಸಾಬ ಸಾಮಾನು ತೊಳಿಯೂದು ಯಾತರಾಗ ಅಂತ ಗೊತ್ತೈತೇನ ನಿನಗ? ಚಿಮಣಿ ಎಣ್ಣ್ಯಾಗ! ನಮ್ಮ ಮನೀಗೆಲ್ಲಾ ಅದರ ವಾಸನಿ ಬರತೈತಿ."

ಅಣ್ಣ ತನ್ನ ಕೈಗಳನ್ನೇ ನೋಡುತ್ತ ಕುಳಿತುಬಿಟ್ಟ. ಹುಟ್ಟಿದಾರಭ್ಯ ಆ ಕೈಗಳನ್ನು ಹಾಗೆಯೇ ತೊಳೆದುಕೊಂಡಿದ್ದ. ಹೋಳಿಗೆ ಬಡಿಸಿದರೆ ಮುಟ್ಟಲಿಲ್ಲ.

ಮರುದಿನ ನನ್ನನ್ನೂ ಕೂರಿಸಿಕೊಂಡು ಕುಂದಗೋಳಕ್ಕೆ ಬಂದ. ಮೊದಲು ಚಹಾದಂಗಡಿಯ ಮುಂದೆ ಇಳಿದು ಗಟ್ಟಿಯಾಗಿಯೇ ಹೇಳಿದ: "ಕಳವು ಆಗಿಲ್ರಪಾ. ಸುಳ್ಳ ಆರೋಪ ಹೊರಿಸಿದಾಂವ ನಾನು." ಕೆಲವರು ಕೇಳಿಸಿಕೊಂಡರು, ಕೆಲವರು ಚಹಾ ಕುಡಿದರು. ಆಮೇಲೆ ಗ್ಯಾರೇಜಿಗೆ ಹೋಗಿ ಕೈ ಮುಗಿದ. "ತಪ್ಪಾತೋ ಅಬ್ದುಲ್. ಬೇರೆ ಗ್ಯಾರೇಜಿನಾಂವ ಕೈ ಇಟ್ಟಾಗಿಂದ ಗಾಡಿ ಕೆಮ್ಮಾಕ ಹತ್ತೈತಿ, ನೋಡಪಾ."

"ಆತ್ರಿ, ನೋಡೂಣು" ಎಂದ ಸಾಬ. ಸಿಟ್ಟಿರಲಿಲ್ಲ. ಅಣ್ಣನ ಎದೆ ಹಗುರಾದದ್ದು ನನಗೆ ಕಾಣಿಸಿತು. "ಹಂಗಾರ ನಾ ತಂಗಿ ಮನ್ಯಾಗ ಒಂಚೂರು ಅಡ್ಡಾಗಿ ಬರ್ತೇನಿ" ಎಂದು ಹೊರಟ.

"ಬ್ಯಾಡ್ರಿ ಸಾವಕಾರ್ರ."

ಅಣ್ಣಾರ ಅಲ್ಲ, ಸಾವಕಾರ್ರ! ಸಾಬ ಒಂದು ಸ್ಟೂಲು ತಂದು ಕಾರಿನ ಮಗ್ಗುಲಿಗೆ ಹಾಕಿದ. "ಇಲ್ಲೇ ಕುಂತು ನೋಡ್ರಿ. ಬಿಚ್ಚೂದು, ತೊಳಿಯೂದು, ಹಾಕೂದು, ಎಲ್ಲಾ ನಿಮ್ಮ ಕಣ್ಮುಂದ ಆಗ್ಲಿ."

ಅಣ್ಣ ಕುಳಿತ. ಬಿಸಿಲೇರಿತು. ನಾನು ಊಟಕ್ಕೆ ಕರೆದೆ. ಅವನು ಎದ್ದು ನಮ್ಮ ಹೊಸ್ತಿಲಿಗೆ ಬಂದು ತಿರುಗಿ ನೋಡಿದ. ಸಾಬ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ಕಾರಿನಿಂದ ದೂರ ಸರಿದು ಕಟ್ಟೆಯ ಮೇಲೆ ಕುಳಿತಿದ್ದ.

"ಯಾಕೋ, ನಿಲ್ಲಿಸಿದಿ?" ಅಣ್ಣ ಕೂಗಿದ.

"ಊಟ ಮಾಡಿ ಬರ್ರಿ, ಸಾವಕಾಶ ಬರ್ರಿ. ನೀವಿಲ್ಲದ ನಾ ಕೈ ಹಚ್ಚೂದಿಲ್ಲ."

ಅಣ್ಣ ತಟ್ಟೆಯ ಮುಂದೆ ಕುಳಿತು ಹೆಂಗಸರ ಹಾಗೆ ಅತ್ತ. ಆಮೇಲೆ ಮುಖ ತೊಳೆದುಕೊಂಡು ಹೋಗಿ, ಮತ್ತೆ ಸ್ಟೂಲಿನ ಮೇಲೆ ಕುಳಿತ.