ಅಂಗಡಿ ಮುಚ್ಚಿದ್ದರೆ ಸಿಗುತ್ತಿದ್ದ ವಿಮೆ

ದಾಂಡೇಲಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮದುವೆ ಬ್ಲೌಸಿಗೆ ಕಸೂತಿ ಹಾಕಿಸಲು ಜನ ಹುಬ್ಬಳ್ಳಿಗೆ ಹೋಗುವುದನ್ನು ನೋಡಿ ನೋಡಿ, ನಾನೇ ಸಾಲ ಮಾಡಿ ಕಸೂತಿ ಮಷಿನ್ ತಂದೆ. ಸಾಲ ಕೊಟ್ಟವರ ಕಚೇರಿಯ ಗುಮಾಸ್ತ ಒಂದು ವಿಮೆಯ ಮಾತು ತೆಗೆದ. ಕಾಯಿಲೆ ಅಥವಾ ಅಪಘಾತದಿಂದ ದುಡಿಯಲಾಗದಿದ್ದರೆ ಕಂತನ್ನು ವಿಮೆಯವರೇ ಕಟ್ಟುತ್ತಾರೆ ಎಂದ. ವಿಮೆಗೆ ಕಟ್ಟುವ ದುಡ್ಡನ್ನು ಅಂಚೆ ಕಚೇರಿಯಲ್ಲಿಟ್ಟರೆ ಆಗದೇ ಎಂದರು ನನ್ನ ಗಂಡ. ಅವರದು ಮಿಲ್ಲಿನ ಕೆಲಸ, ಜ್ವರ ಬಂದು ಮಲಗಿದರೂ ಪಗಾರ ಬರುತ್ತದೆ. ನಾನು ಮಲಗಿದರೆ ಯಾರು ಕೊಡುತ್ತಾರೆ? ವಿಮೆ ಮಾಡಿಸಿಯೇ ಬಂದೆ.

ಆ ವರ್ಷ ಮದುವೆಗಳ ಹಂಗಾಮು, ಲಗ್ನಸರಾಯಿ. ಮುಂಡಗೋಡಕ್ಕೆ ಬ್ಲೌಸು ಕೊಟ್ಟು ಬರುವಾಗ ಹಳಿಯಾಳದ ಬಸ್ ನಿಲ್ದಾಣದಲ್ಲಿ ಕಾಲು ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ, ಒಪ್ಪಿಕೊಂಡ ಬಟ್ಟೆಗಳೆಲ್ಲ ಅಂಗಡಿಯಲ್ಲಿ ಹಾಗೇ ಬಿದ್ದಿದ್ದವು.

ಮರುದಿನವೇ ನಾದಿನಿ ಬಂದಳು. ಗಂಡನ ತಂಗಿ, ನನ್ನನ್ನು ವೈನಿ ಎಂದು ಕರೆಯುತ್ತಾಳೆ, ಎರಡು ಓಣಿ ಆಚೆ ಅವಳ ಮನೆ. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಹಾಕುವುದು ಇಷ್ಟೇ ಅವಳಿಗೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಎಡಗೈಯಲ್ಲಿ ತೋರಿಸುತ್ತ ಹೋದೆ, ಅವಳು ಕತ್ತರಿ ಹಿಡಿದಳು. ಮೊದಲ ಬ್ಲೌಸಿನ ತೋಳು ಉಲ್ಟಾ ಕೂತು ಇಬ್ಬರೂ ನಕ್ಕೆವು. ದಿನ ಕಳೆದಂತೆ ಅವಳ ಕೈ ಪಳಗಿತು. ನನ್ನ ಕೈ ನೆಟ್ಟಗಾದ ಮೇಲೂ ನೀನು ಇಲ್ಲೇ ಇರು, ಕಸೂತಿ ನನಗೆ, ಹೊಲಿಗೆ ನಿನಗೆ ಎಂದು ಮಾತಾಡಿಕೊಂಡೆವು. ಅವಳು ಆಗಲೇ ಬೋರ್ಡಿನ ಮೇಲೆ ಏನು ಬರೆಸಬೇಕೆಂದು ಯೋಚಿಸುತ್ತಿದ್ದಳು.

ಕೈ ಮುರಿದ ಕೂಡಲೇ ವಿಮೆಯ ಹಣಕ್ಕೆ ಅರ್ಜಿ ಹಾಕಿದ್ದೆ. ಒಂದು ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋಗಿದ್ದಾಗ ವಿಮೆಯ ಕಡೆಯವನೊಬ್ಬ ವಿಚಾರಣೆಗೆ ಬಂದ. ಅಂಗಡಿ ಹೇಗೆ ನಡೆಯುತ್ತಿದೆ ಎಂದು ಕೇಳಿದನಂತೆ. ನಾದಿನಿಗೆ ತನ್ನ ಕೆಲಸದ ಮೇಲೆ ಹೆಮ್ಮೆ.

“ಅಂಗಡಿ ಒಂದಿನಾನೂ ಮುಚ್ಚಿಲ್ರಿ. ವೈನಿ ಕೈ ನೆಟ್ಟಗಾಗೂತನಕಾ ನಾನ ನಡಸ್ತೇನ್ರಿ” ಎಂದಳಂತೆ.

ಸ್ವಲ್ಪ ದಿನಕ್ಕೆ ಹಣ ಬರುವುದಿಲ್ಲವೆಂದು ತಿಳಿಯಿತು. ಪ್ಲಾಸ್ಟರ್ ಕೈಯಲ್ಲೇ ಕಚೇರಿಗೆ ಹೋದೆ. ಗುಮಾಸ್ತ ಮೆತ್ತಗೇ ವಿವರಿಸಿದ. ನೌಕರಿಯವರಾದರೆ ಸಾಹೇಬರ ರಜೆ ಪತ್ರ ಸಾಕು. ಸ್ವಂತ ಉದ್ಯೋಗದವರಾದರೆ ಉದ್ಯೋಗ ಪೂರ್ತಿ ನಿಂತಿರಬೇಕು, ಬೇರೆಯವರ ಕೈಯಿಂದ ನಡೆದರೂ ನಡೆದಂತೆಯೇ ಲೆಕ್ಕ. ಲಗ್ನಸರಾಯಿಯಲ್ಲಿ ಶಟರ್ ಎಳೆದರೆ ಗಿರಾಕಿ ಮತ್ತೆ ಬರುತ್ತಾರೆಯೇ ಎಂದೆ. ಅವನು ಆ ನಿಯಮ ಬರೆದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

ಮನೆಯಲ್ಲಿ ಯಾರೂ ನಾದಿನಿಗೆ ಒಂದು ಮಾತು ಅನ್ನಲಿಲ್ಲ. ಅವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, “ನಾ ಬರದಿದ್ರ ರೊಕ್ಕಾ ಬರ್ತಿತ್ತಲ್ಲ ವೈನಿ.”

“ನೀ ಬರದಿದ್ರ ಅಂಗಡಿನ ಇರ್ತಿರ್ಲಿಲ್ಲ” ಎಂದೆ.

ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ಒಪ್ಪಿಕೊಂಡ ಬಟ್ಟೆಗಳನ್ನೆಲ್ಲ ಮುಗಿಸಿಕೊಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಬರುವುದನ್ನು ನಿಲ್ಲಿಸಿದಳು. ಎರಡು ಸಲ ಕರೆಯಲು ಹೋದೆ. ಚಹಾ ಕೊಟ್ಟಳು, ಅಂಗಡಿಯ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಮುಂದೆ ಜೋಯಿಡಾ ಕಡೆಯ ಒಂದು ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದಳು. ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ಬ್ಲೌಸಿನ ಕುತ್ತಿಗೆಯನ್ನು ಅಷ್ಟು ಚೆನ್ನಾಗಿ ತಿರುಗಿಸಲು ಕಲಿತ ಕೈ ಅದು.

ಕಂತು ಕಟ್ಟಲಾಗದೆ ಕಸೂತಿ ಮಷಿನನ್ನು ಹುಬ್ಬಳ್ಳಿಯ ಒಂದು ಅಂಗಡಿಯವರಿಗೆ ಕೊಟ್ಟೆ, ಉಳಿದ ಸಾಲ ಅವರೇ ವಹಿಸಿಕೊಂಡರು. ಮಷಿನ್ ಹೋದದ್ದಕ್ಕೆ ಅಂಥ ದುಃಖವಿಲ್ಲ, ಸಾದಾ ಹೊಲಿಗೆಯಲ್ಲಿ ದಿನ ಹೋಗುತ್ತದೆ.

ಮೊನ್ನೆ ಬ್ಯೂಟಿ ಪಾರ್ಲರ್ ತೆರೆಯಲಿರುವ ಹೆಣ್ಣುಮಗಳೊಬ್ಬಳು, ಸಾಲದ ಜೊತೆ ಇಂಥ ವಿಮೆ ಮಾಡಿಸಲೇ ಎಂದು ಕೇಳಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ, ಕೈ ಮುರಿದಾಗಿನ ಹೆದರಿಕೆ ನನಗೆ ಗೊತ್ತು. ನಾನು ಮಲಗಿದಾಗ ನಮ್ಮವರು ಅಂಗಡಿ ನಡೆಸಿದರೂ ಕೊಡುತ್ತೀರಾ ಎಂದು ಸಹಿಗೆ ಮೊದಲೇ ಕೇಳು, ಇಲ್ಲ ಎಂದರೆ ಅಂಚೆ ಕಚೇರಿಗೆ ಹೋಗು ಎಂದೆ. ನಾದಿನಿ ಈಗಲೂ ಹಬ್ಬಕ್ಕೆ ಬರುತ್ತಾಳೆ, ನಗುತ್ತಾಳೆ, ಮಕ್ಕಳ ವಿಷಯ ಹೇಳುತ್ತಾಳೆ. ಹೊಲಿಯಲು ಮಾತ್ರ ತನ್ನ ಬಟ್ಟೆಯನ್ನೂ ನನಗೆ ಕೊಡುವುದಿಲ್ಲ.